ಆರು ಚಿಹ್ನೆಗಳ ಬೈಗುಳ: ಕ್ಯೂ*ಬರ್ಟ್ ಪ್ರಕರಣ

ಕ್ಯೂ*ಬರ್ಟ್ ಅನ್ನುವ ಹಳೆಯ ವಿಡಿಯೋ ಗೇಮ್ ಆಡುತ್ತಿದ್ದೆ. ಇನ್ನು ಎರಡೇ ಕ್ಯೂಬ್ ಬಾಕಿ ಇದ್ದವು. ಪಿರಮಿಡ್ಡಿನ 28 ಕ್ಯೂಬ್‌ಗಳಲ್ಲಿ 26ರ ಬಣ್ಣ ಬದಲಾಗಿತ್ತು. ನೇರಳೆ ಹಾವು ಎರಡು ಮೆಟ್ಟಿಲು ಹಿಂದಿತ್ತು. ನಾನು ಎಡಕ್ಕೆ ಕೆಳಗೆ ಹಾರಬೇಕಿತ್ತು. ಕೈ ಎಡಕ್ಕೆ ಮೇಲೆ ಹೋಯಿತು. ನೆಟ್ಟಗೆ ಹಾವಿನ ತಲೆ ಮೇಲೇ ಹೋಗಿ ಕೂತೆ.

ಪರದೆ ಅಲ್ಲೇ ನಿಂತಿತು. ಕಿತ್ತಳೆ ಬಣ್ಣದ, ಸೊಂಡಿಲಿನಂಥ ಮೂಗಿನ ಆ ಪ್ರಾಣಿಯ ತಲೆ ಮೇಲೆ ಮಾತಿನ ಗುಳ್ಳೆ ಎದ್ದಿತು. ಒಳಗೆ ಆರು ಚಿಹ್ನೆ: @!#?@! ಜೊತೆಗೆ ಒಂದು ದನಿ. ಬಾಯಿಗೆ ಬಟ್ಟೆ ತುರುಕಿಸಿಕೊಂಡವನು ಯಾರ ಮೇಲೋ ಹರಿಹಾಯ್ದ ಹಾಗೆ. ಪದ ಒಂದೂ ತಿಳಿಯಲಿಲ್ಲ. ಬೈಯ್ದದ್ದು ಮಾತ್ರ ಚೆನ್ನಾಗಿ ತಿಳಿಯಿತು. ನನ್ನ ಬಾಯಿಗೂ ಅರ್ಧ ಬಂದಿದ್ದ ಮಾತು ಗಂಟಲಲ್ಲೇ ನಿಂತು, ನಗು ಬಂತು.

ವಿಡಿಯೋ ಗೇಮ್‌ಗಳಲ್ಲಿ ಬೈಗುಳ ಎಂದರೆ ಸಾಮಾನ್ಯವಾಗಿ ಮಾತು ಹೋಗುವುದು ವಯಸ್ಸಿನ ಮಿತಿ, ಸೆನ್ಸಾರ್, ಮಕ್ಕಳ ಕಿವಿ ಇವುಗಳ ಕಡೆಗೆ. ನನಗೆ ಅದಕ್ಕಿಂತ ಕುತೂಹಲ ಇರುವುದು ಬೇರೆ ಕಡೆ. ಹೊಸದಾಗಿ ಕಟ್ಟಿದ ಬೈಗುಳ ಒಂದು ಆಟದಲ್ಲಿ ನಾಟುತ್ತದೆ, ಇನ್ನೊಂದರಲ್ಲಿ ಪೆಚ್ಚಾಗಿ ಬಿದ್ದಿರುತ್ತದೆ. ಯಾಕೆ? ಅದನ್ನು ನೋಡಲು 1982ರ ಆರ್ಕೇಡ್ ಆಟ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರದ ಆಟ, ಕ್ಯೂ*ಬರ್ಟ್‌ಗಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಯಾಕೆಂದರೆ ಒಂದೇ ಬೈಗುಳ ಇಲ್ಲಿ ಒಂದು ಜಾಗದಲ್ಲಿ ಗೆದ್ದಿತು, ಇನ್ನೊಂದು ಜಾಗದಲ್ಲಿ ಸೋತಿತು.

ಗೊಣ್ಣೆಯಿಂದ ಶುರುವಾದ ಕಥೆ

ಆಟ ಮಾಡಿದ್ದು ಅಮೆರಿಕದ ಗಾಟ್ಲೀಬ್ ಕಂಪನಿ. ಅದರ ಮೂಲ ಕಸುಬು ಪಿನ್‌ಬಾಲ್ ಯಂತ್ರಗಳು, ಅಂದರೆ ಓರೆ ಹಲಗೆ ಮೇಲೆ ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಪೆಟ್ಟಿಗೆಗಳು. ಇದು ಮುಂದೆ ನೆನಪಿರಲಿ. ವಾರೆನ್ ಡೇವಿಸ್ ಪ್ರೋಗ್ರಾಂ ಬರೆದರು, ಜೆಫ್ ಲೀ ಚಿತ್ರ ಬಿಡಿಸಿದರು, ಡೇವಿಡ್ ಥೀಲ್ ಸದ್ದು ಕೂಡಿಸಿದರು. ಡಚ್ ಚಿತ್ರಕಾರ ಎಶರ್‌ನ ಕಣ್ಣುಕಟ್ಟಿನ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಲೀ ಕ್ಯೂಬ್‌ಗಳ ಪಿರಮಿಡ್ ಬರೆದಿದ್ದರು. ಮೊದಲ ಯೋಚನೆಯಲ್ಲಿ ಈ ಪ್ರಾಣಿ ಮೂಗಿನಿಂದ ಗುಂಡು ಹಾರಿಸಬೇಕಿತ್ತು. ಲೀ ಆಗ ಇಟ್ಟ ಹೆಸರು ಸ್ನಾಟ್ಸ್ ಅಂಡ್ ಬೂಗರ್ಸ್. ಗೊಣ್ಣೆ, ಸಿಂಬಳ ಅಂತ ಅನುವಾದ ಮಾಡಿಕೊಳ್ಳಿ. ಡೇವಿಸ್ ಆಟವನ್ನು ಸರಳವಾಗಿ ಇಟ್ಟರು, ಗುಂಡು ಹೋಯಿತು. ಮೂಗು ಉಳಿಯಿತು.

ಉಳಿದ ಆಟ ಸುಲಭ. ಹಾರು, ಕ್ಯೂಬಿನ ಬಣ್ಣ ಬದಲಿಸು, ಸಿಕ್ಕಿಬೀಳಬೇಡ. ಗುಂಡು ಇಲ್ಲ, ಕತ್ತಿ ಇಲ್ಲ. ಹೀರೋಗೆ ಕೈಯೇ ಇಲ್ಲ. ಹಾವು ಹಿಂದೆ ಬಿದ್ದರೆ ತಿರುಗಿ ಹೊಡೆಯುವ ಹಾಗಿಲ್ಲ. ಪಿರಮಿಡ್ಡಿನ ಪಕ್ಕದಲ್ಲಿ ತೇಲುವ ತಟ್ಟೆಗೆ ಹಾರಿ, ಹಾವನ್ನು ಏಮಾರಿಸಿ ಪ್ರಪಾತಕ್ಕೆ ಬೀಳಿಸುವುದೊಂದೇ ದಾರಿ. ಜಾಯ್‌ಸ್ಟಿಕ್ ಕೂಡ ಓರೆಯಾಗಿ ಓಡುತ್ತದೆ. ನೇರ ಮೇಲೆ, ನೇರ ಕೆಳಗೆ ಅನ್ನುವುದೇ ಇಲ್ಲ. ಹಾಗಾಗಿ ಈ ಆಟದಲ್ಲಿ ಸಾಯುವುದು ಹೆಚ್ಚಾಗಿ ನಮ್ಮದೇ ಕೈತಪ್ಪಿನಿಂದ. ಬೈಯೋಣ ಅಂದರೆ ಎದುರಿಗೆ ಸರಿಯಾಗಿ ಒಬ್ಬ ಶತ್ರುವೂ ಸಿಗುವುದಿಲ್ಲ. ಕೈಯಿಲ್ಲದ ಹೀರೋಗೆ ಉಳಿದಿದ್ದು ಬಾಯಿ ಮಾತ್ರ.

ಆ ಗುಳ್ಳೆಯನ್ನು ಲೀ ಮೊದಲು ತಮಾಷೆಗೆ ಬರೆದು ತೋರಿಸಿದ್ದು. ತಂಡಕ್ಕೆ ಹಿಡಿಸಿತು, ಉಳಿಯಿತು.

ದನಿಯದು ಇನ್ನೂ ಸೊಗಸಾದ ಕಥೆ. ಯಂತ್ರದಲ್ಲಿ ವೋಟ್ರಾಕ್ಸ್ ಎಸ್‌ಸಿ-01 ಎಂಬ ಮಾತಾಡುವ ಚಿಪ್ ಇತ್ತು. ಅದು ರೆಕಾರ್ಡ್ ಮಾಡಿದ ಮಾತನ್ನು ನುಡಿಸುವ ಚಿಪ್ ಅಲ್ಲ. ಮಾತಿನ 64 ಬಿಡಿ ಬಿಡಿ ತುಣುಕುಗಳು, ನಾಲ್ಕು ಮಟ್ಟದ ಏರಿಳಿತ, ಇಷ್ಟೇ ಬಂಡವಾಳ. ಅವುಗಳನ್ನು ಪೋಣಿಸಿ ನೀವೇ ಮಾತು ಕಟ್ಟಬೇಕು. ಇದರ ಕೈಲಿ ಇಂಗ್ಲಿಷ್ ಮಾತಾಡಿಸು ಅನ್ನುವುದು ಥೀಲ್‌ಗೆ ಕೊಟ್ಟ ಕೆಲಸ. ‘ಬೋನಸ್ ಪಾಯಿಂಟ್ಸ್’ ಅನ್ನಿಸಲು ಹೋದರೆ ‘ಬೋಗಸ್ ಪಾಯಿಂಟ್ಸ್’ ಅಂತ ಕೇಳುತ್ತಿತ್ತಂತೆ. ಹೆಣಗಾಡಿ ಹೆಣಗಾಡಿ ಸಾಕಾಗಿ, ಕೊನೆಗೆ ಸಿಕ್ಕಸಿಕ್ಕ ತುಣುಕುಗಳನ್ನು ಚಿಪ್ಪಿಗೆ ಸುರಿದರು. ಬಂದದ್ದು ಗೊಣಗಾಟ. ಗುಳ್ಳೆಯೊಳಗಿನ @!#?@!ಗೆ ಅದು ಸರಿಯಾಗಿ ಕೂತಿತು.

ಅಂದರೆ ಈ ಬೈಗುಳದ ಹಿಂದೆ ನಿಜವಾಗಿಯೂ ಒಬ್ಬ ಮನುಷ್ಯನ ಬೇಸರ ಇದೆ. ಚಿಪ್ಪಿನ ಜೊತೆ ಗುದ್ದಾಡಿ ಕೈಚೆಲ್ಲಿದವನ ಬೇಸರ. ನನಗೆ ಇದು ಬಹಳ ಇಷ್ಟದ ಸಂಗತಿ.

ಇನ್ನೊಂದು ಚೂರು. ಅದೇ ಚಿಪ್ಪಿನಿಂದ ಎರಡು ಮಾತು ಮಾತ್ರ ಸ್ಪಷ್ಟವಾಗಿ ಬರುತ್ತವೆ. ಹೆಚ್ಚು ಅಂಕ ಗಳಿಸಿ ಹೆಸರು ಬರೆದ ಮೇಲೆ ‘ಬೈ ಬೈ’ ಅನ್ನುತ್ತದೆ. ಯಂತ್ರಕ್ಕೆ ಕರೆಂಟು ಕೊಟ್ಟಾಗ ‘ಹಲೋ, ಐ ಆಮ್ ಟರ್ನ್ಡ್ ಆನ್’ ಅನ್ನುತ್ತದೆ. ಆ ಎರಡನೆಯ ಮಾತಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪೋಲಿ ಅರ್ಥವೂ ಉಂಟು. ಇಡೀ ಯಂತ್ರದಲ್ಲಿ ನಿಜವಾಗಿ ಪೋಲಿ ಅನ್ನಬಹುದಾದ ಮಾತು ಅದೊಂದೇ. ಅದನ್ನು ಬೈಗುಳದ ಪಟ್ಟಿಗೆ ಯಾರೂ ಸೇರಿಸುವುದಿಲ್ಲ, ಅಲ್ವಾ?

ಗುಳ್ಳೆ ಇಲ್ಲದಿದ್ದರೆ, ದನಿ ಇಲ್ಲದಿದ್ದರೆ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿದೆ. ಮೊದಲು ಸದ್ದು ಪೂರ್ತಿ ತೆಗೆದು ಆಡಿದೆ. ಸತ್ತಾಗ ಗುಳ್ಳೆ ಬಂತು, ಹೋಯಿತು. ಕಾಮಿಕ್ಸ್ ಪುಟ ತಿರುಗಿಸಿದ ಹಾಗಾಯಿತು. ನಗು ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ. ಆಮೇಲೆ ದನಿಯನ್ನು ಮಾತ್ರ ಆಟ ಗೊತ್ತಿಲ್ಲದ ಗೆಳೆಯನೊಬ್ಬನಿಗೆ ಕೇಳಿಸಿದೆ. ಏನಿದು ಅಂತ ಕೇಳಿದ್ದಕ್ಕೆ ‘ಸ್ಪೀಕರ್ ಕೆಟ್ಟಿದೆ’ ಅಂದ. ಎರಡನೇ ಸಲ ಪರದೆ ತೋರಿಸಿ ಕೇಳಿಸಿದೆ. ಗುಳ್ಳೆ ಕಂಡ ತಕ್ಷಣ ಪಕ್ಕನೆ ನಕ್ಕ. ‘ಏನಂದ ಅದು?’ ಅಂದೆ. ಅವನು ತನ್ನದೇ ಒಂದು ಮಾತು ಹೇಳಿದ. ಇಲ್ಲಿ ಬರೆಯುವಂಥದ್ದಲ್ಲ.

ಅವನ ಆ ಉತ್ತರದಲ್ಲೇ ಈ ಪ್ರಕರಣದ ಗುಟ್ಟು ಇದೆ ಅನ್ನುವುದು ನನ್ನ ಲೆಕ್ಕ.

ಪತ್ರಿಕೆಗಳ ಕಾಮಿಕ್ಸ್‌ಗಳಲ್ಲಿ ಬೈಗುಳದ ಬದಲು ಚಿಹ್ನೆ ಹಾಕುವುದು 1900ರ ದಶಕದ ಶುರುವಿನಿಂದಲೂ ಇದೆ. ಅಮೆರಿಕದ ವ್ಯಂಗ್ಯಚಿತ್ರಕಾರ ಮಾರ್ಟ್ ವಾಕರ್ ಅದಕ್ಕೆ ತಮಾಷೆಗೆ ಗ್ರಾಲಿಕ್ಸ್ ಅಂತ ಹೆಸರಿಟ್ಟರು, ಅದೇ ನಿಂತುಬಿಟ್ಟಿತು. ಕಾಮಿಕ್ಸ್‌ನಲ್ಲಿ ಗ್ರಾಲಿಕ್ಸ್ ಅಂದರೆ ಮುಚ್ಚಳ. ಪಾತ್ರ ಏನೋ ಒಂದು ಮಾತು ಆಡಿದೆ, ಪತ್ರಿಕೆ ಅದನ್ನು ಮುಚ್ಚಿದೆ. ಬೀಪ್ ಸದ್ದೂ ಅಷ್ಟೆ, ಅದರ ಕೆಳಗೆ ನಿಜವಾದ ಪದ ಇದ್ದೇ ಇರುತ್ತದೆ. ಕ್ಯೂ*ಬರ್ಟ್‌ನಲ್ಲಿ ಮುಚ್ಚಳ ತೆಗೆದರೆ ಕೆಳಗೆ ಏನೂ ಇಲ್ಲ. ಖಾಲಿ ಡಬ್ಬಿ. ದನಿಯೂ ಬರೀ ಚೂರುಗಳ ರಾಶಿ. ಹಾಗಾಗಿ ಆಡುವವನು ಅದರೊಳಗೆ ತನ್ನ ಮಾತನ್ನೇ ಹಾಕುತ್ತಾನೆ, ತನ್ನ ಭಾಷೆಯಲ್ಲಿ, ತನಗೆ ಬೇಕಾದಷ್ಟು ಖಾರ ಹಾಕಿ. ಹತ್ತು ವರ್ಷದ ಹುಡುಗಿಗೆ ಅದು ‘ಥೂ’. ಪಕ್ಕದಲ್ಲಿ ನಿಂತ ಅಪ್ಪನಿಗೆ ಇನ್ನೇನೋ. ಇಬ್ಬರೂ ಒಂದೇ ಸದ್ದಿಗೆ ನಗುತ್ತಾರೆ. ಸೆನ್ಸಾರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ.

ಗಮನಿಸಬೇಕಾದ ಇನ್ನೊಂದು ವಿಷಯ, ಯಾರು ಯಾರನ್ನು ಬೈಯುತ್ತಿದ್ದಾರೆ ಅನ್ನುವುದು. ಇದಕ್ಕೆ ಮೊದಲೂ ಮಾತಾಡುವ ಆರ್ಕೇಡ್ ಯಂತ್ರಗಳು ಇದ್ದವು. 1980ರ ಬರ್ಜರ್ಕ್‌ನಲ್ಲಿ ರೋಬೋಟ್‌ಗಳನ್ನು ಕೊಲ್ಲದೆ ಕೋಣೆ ಬಿಟ್ಟು ಓಡಿದರೆ ‘ಹೇಡಿ, ರೋಬೋಟ್ ಥರ ಹೊಡೆದಾಡು’ ಅನ್ನುವ ಅರ್ಥದಲ್ಲಿ ಯಂತ್ರ ಹಂಗಿಸುತ್ತಿತ್ತು. 1981ರ ಗಾರ್ಫ್‌ನಲ್ಲಿ ಇದೇ ವೋಟ್ರಾಕ್ಸ್ ಚಿಪ್ ಇತ್ತು. ಅದೂ ಆಡುವವನನ್ನೇ ಎಳಸು ಸಿಪಾಯಿ ಅನ್ನುವ ಹಾಗೆ ಕಾಲೆಳೆಯುತ್ತಿತ್ತು. ದುಡ್ಡು ಹಾಕಿದವನನ್ನೇ ಬೈಯುವ ಯಂತ್ರಗಳು. ಅದರಲ್ಲೂ ಒಂದು ಮಜಾ ಇದೆ, ಇಲ್ಲ ಅನ್ನಲ್ಲ. ಕ್ಯೂ*ಬರ್ಟ್ ಆ ದಿಕ್ಕನ್ನೇ ತಿರುಗಿಸಿತು. ಸತ್ತವನು ನೀನು, ಬೈಯುವವನು ನಿನ್ನ ಪರವಾಗಿ ಅವನು. ಯಂತ್ರ ನಿನ್ನ ಪಕ್ಕ ಬಂದು ನಿಂತು ‘ಛೇ, ಏನು ಗ್ರಹಚಾರ’ ಅಂದ ಹಾಗೆ. ಆಮೇಲೆ ಇನ್ನೊಂದು ನಾಣ್ಯಕ್ಕೆ ಕೈ ಜೇಬಿಗೆ ಹೋಗುವುದು ಸಹಜ.

ಹಾವೋ ಚೆಂಡೋ ಸಿಕ್ಕಿ ಸತ್ತರೆ ಬೈಗುಳ ಕೇಳುತ್ತದೆ. ಪಿರಮಿಡ್ಡಿನ ಅಂಚಿನಿಂದ ನೀವೇ ಹಾರಿಬಿದ್ದರೆ ಬೇರೆ ಸದ್ದು. ಬೀಳುವ ಕೂಗು, ಆಮೇಲೆ ಯಂತ್ರದ ಹೊಟ್ಟೆಯೊಳಗಿಂದ ದಬ್ ಅಂತ ನಿಜವಾದ ಏಟು. ಪಿನ್‌ಬಾಲ್ ಕಂಪನಿ ಅಂದೆನಲ್ಲ, ಅದರ ಫಲ ಇದು. ರಿಕ್ ಟೈ ಎಂಬ ತಂತ್ರಜ್ಞ ಕೊಟ್ಟ ಸಲಹೆಯಂತೆ ಪಿನ್‌ಬಾಲ್ ಯಂತ್ರದ, ಕರೆಂಟಿನ ಕಾಯಿಲ್ ದೂಡುವ ಒಂದು ಭಾಗ ಹಾಕಿದರು, ಅದು ಪೆಟ್ಟಿಗೆಯ ಮರಕ್ಕೆ ಹೋಗಿ ಬಡಿಯುತ್ತದೆ. ಬಿದ್ದ ಸದ್ದಿಗೆ ಅಷ್ಟು ಗಡಸು ಬೇಡ ಅಂತ ನಡುವೆ ಸ್ಪಂಜು ಅಂಟಿಸಿ ನೋಡಿದರು. ಚೆನ್ನಾಗಿತ್ತು. ಖರ್ಚು ಜಾಸ್ತಿ ಅಂತ ಸ್ಪಂಜನ್ನು ಕೈಬಿಟ್ಟರು. ಬೈಗುಳಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಆದರೆ ಸೋಲಿನ ಒಂದೊಂದು ಬಗೆಗೂ ಒಂದೊಂದು ಸದ್ದು ಇರಬೇಕು ಅಂತ ತಲೆ ಕೆಡಿಸಿಕೊಂಡ ತಂಡ ಇದು.

ಪ್ರಯೋಗಾಲಯ ಏನು ಹೇಳುತ್ತದೆ

ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಒಂದು ವಿಚಿತ್ರ ಪ್ರಯೋಗಕ್ಕೆ ಹೆಸರಾದವರು. ಐಸಿನಂಥ ನೀರಲ್ಲಿ ಕೈ ಇಟ್ಟವರು ಬೈಯುತ್ತಾ ಇದ್ದರೆ ಹೆಚ್ಚು ಹೊತ್ತು ತಾಳಿಕೊಳ್ಳುತ್ತಾರೆ ಅಂತ 2009ರಲ್ಲಿ ತೋರಿಸಿದರು. 2020ರಲ್ಲಿ ಅದರ ಮುಂದುವರಿಕೆ. ಈ ಸಲ ಹೊಸದಾಗಿ ಕಟ್ಟಿದ ಎರಡು ಬೈಗುಳಗಳನ್ನು ಜನರ ಬಾಯಲ್ಲಿ ಹೇಳಿಸಿದರು. ಒಂದು ‘ಫೌಚ್’, ಇನ್ನೊಂದು ‘ಟ್ವಿಜ್‌ಪೈಪ್’. ಹೇಳಿದವರಿಗೆ ಅವು ತಮಾಷೆ ಅನ್ನಿಸಿದವು, ಸ್ವಲ್ಪ ಭಾವನೆಯೂ ಕೆರಳಿತು. ನೋವು ತಾಳುವ ಶಕ್ತಿ ಮಾತ್ರ ಒಂದು ಚೂರೂ ಹೆಚ್ಚಲಿಲ್ಲ. ಇಂಗ್ಲಿಷಿನ ನಿಜವಾದ ಬೈಗುಳ ಹೇಳಿದಾಗ ಸುಮಾರು ಮೂರನೇ ಒಂದು ಪಾಲು ಹೆಚ್ಚಿತು.

ಇದನ್ನು ಓದಿದಾಗ ಗೇಮ್ ಬರೆಯುವವರ ಮುಖ ನೆನಪಾಗಿ ಅಯ್ಯೋ ಅನ್ನಿಸಿತು. ಕಾಗದದ ಮೇಲೆ ಹುಟ್ಟಿಸಿದ ಬೈಗುಳಕ್ಕೆ ಹಿಂದಿನ ಬದುಕು ಇಲ್ಲ. ಅದನ್ನು ಆಡಿ ಯಾರೂ ಚಿಕ್ಕಂದಿನಲ್ಲಿ ಏಟು ತಿಂದಿಲ್ಲ. ಮತ್ತೆ ಅದರಿಂದ ಎದೆ ಹಗುರಾಗುವುದು ಹೇಗೆ?

ಸದ್ದಿನ ಕಡೆಯಿಂದಲೂ ಒಂದು ಅಧ್ಯಯನ ಇದೆ. 2022ರಲ್ಲಿ ಶಿರಿ ಲೆವ್-ಆರಿ ಮತ್ತು ರಯಾನ್ ಮೆಕೇ ಹೀಬ್ರೂ, ಹಿಂದಿ, ಹಂಗೇರಿಯನ್, ಕೊರಿಯನ್, ರಷ್ಯನ್ ಈ ಐದು ಭಾಷೆಗಳ ಬೈಗುಳಗಳನ್ನು ಜಾಲಾಡಿದರು. ನಮ್ಮ ವರ್ಣಮಾಲೆಯಲ್ಲಿ ಸಾಲಾಗಿ ನಿಂತಿವೆಯಲ್ಲ, ಯ ರ ಲ ವ, ಅಂಥ ಜಾರುವ ಸದ್ದುಗಳು ಬೈಗುಳಗಳಲ್ಲಿ ಕಡಿಮೆ ಅಂತ ಕಂಡಿತು. ಆಮೇಲೆ ಸುಳ್ಳು ಪದಗಳನ್ನು ಕಟ್ಟಿ ಬೇರೆ ಬೇರೆ ಭಾಷೆಯವರಿಗೆ ಕೇಳಿಸಿದರು. ಜಾರುವ ಸದ್ದು ಇಲ್ಲದ ಪದವೇ ಬೈಗುಳ ಇರಬೇಕು ಅಂತ ಜನ ಹೆಚ್ಚಾಗಿ ಊಹಿಸಿದರು.

ಕ್ಯೂ*ಬರ್ಟ್ ಈ ನಿಯಮ ಪಾಲಿಸುವುದಿಲ್ಲ. ಚಿಪ್ಪಿಗೆ ಸಿಕ್ಕಿದ್ದನ್ನು ಸುರಿದಾಗ ಯ ರ ಲ ವ ಆರಿಸಿ ತೆಗೆಯುವವರು ಯಾರು? ಹೊಸ ಪದದಿಂದ ನೋವು ಕಡಿಮೆ ಆಗುವುದಿಲ್ಲ ಅನ್ನುವ ಫಲಿತಾಂಶವೂ ಅದನ್ನು ತಟ್ಟುವುದಿಲ್ಲ. ಅದು ನಿಮ್ಮ ಬಾಯಿಗೆ ಹೊಸ ಪದ ತುರುಕಲೇ ಇಲ್ಲ ನೋಡಿ. ನಿಮ್ಮ ಹಳೆಯ ಪದ ಇರುವ ಜಾಗವನ್ನು ಬೊಟ್ಟು ಮಾಡಿ ತೋರಿಸಿತು, ಅಷ್ಟೆ.

ಪದ ಕಟ್ಟಿದವರ ಪಾಡು

ಹೋಲಿಕೆಗೆ ಮೂರ್ನಾಲ್ಕು ಆಟ ನೋಡೋಣ. 1990ರ ದಶಕದ ಶುರುವಿನಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಮೆರಿಕ ಶಾಖೆ ತನ್ನ ಯಂತ್ರಗಳಿಗೆ ಬರುವ ಆಟಗಳಲ್ಲಿ ಕೆಟ್ಟ ಮಾತಿಗೆ ಜಾಗ ಕೊಡುತ್ತಿರಲಿಲ್ಲ. 1994ರಲ್ಲಿ ಫೈನಲ್ ಫ್ಯಾಂಟಸಿ ಸರಣಿಯ ಆರನೆಯ ಆಟವನ್ನು ಜಪಾನೀಸ್‌ನಿಂದ ಇಂಗ್ಲಿಷಿಗೆ ತಂದ ಟೆಡ್ ವುಲ್ಸಿ, ಖಳ ಕೆಫ್ಕಾನ ಬಾಯಲ್ಲಿ ‘ಸನ್ ಆಫ್ ಎ ಸಬ್‌ಮರೀನರ್’ ಅನ್ನಿಸಿದರು. ಜಲಾಂತರ್ಗಾಮಿ ನಾವಿಕನ ಮಗನೇ! ಕೆಫ್ಕಾ ಹುಚ್ಚು ವಿದೂಷಕ. ಅವನಿಗೆ ಈ ಅಡ್ಡಾದಿಡ್ಡಿ ಮಾತು ಒಪ್ಪುತ್ತದೆ. ಆಡುವವರು ಇವತ್ತಿಗೂ ಅದನ್ನು ನೆನೆದು ನಗುತ್ತಾರೆ.

ಅದೇ ಸರಣಿಯ ನಾಲ್ಕನೆಯ ಆಟದಲ್ಲಿ ಅದಕ್ಕೆ ಉಲ್ಟಾ ಆಯಿತು. ಮಗಳು ಸಾಯುವ ಸ್ಥಿತಿಯಲ್ಲಿ ಬಿದ್ದಿರುವುದನ್ನು ಕಂಡ ಮುದುಕ, ಮಗಳು ಪ್ರೀತಿಸಿದ ಹಾಡುಗಾರನ ಮೇಲೆ ಎರಗುತ್ತಾನೆ. ಸಂಕಟದಲ್ಲಿ ಕೂಗುವುದು ಏನು? ‘ಯೂ ಸ್ಪೂನಿ ಬಾರ್ಡ್!’ ಸ್ಪೂನಿ ಅನ್ನುವುದು ನಿಜವಾದ ಹಳೆಯ ಇಂಗ್ಲಿಷ್ ಪದ. ಪ್ರೀತಿಯಲ್ಲಿ ಬುದ್ಧಿ ಕಳೆದುಕೊಂಡವನು ಎಂಬ ಅರ್ಥ. ಅರ್ಥದ ಲೆಕ್ಕದಲ್ಲಿ ತಪ್ಪೇ ಇಲ್ಲ. ಆದರೆ 1991ರಲ್ಲಿ ಆಡಿದ ಮಕ್ಕಳಿಗೆ ಕಂಡದ್ದು ಚಮಚ. ಮುದುಕನ ಅಳು ಹೋಗಿ ನಗೆಪಾಟಲಾಯಿತು. ಇಲ್ಲಿ ಖಾಲಿ ಗುಳ್ಳೆ ಇದ್ದಿದ್ದರೂ ದುಃಖ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಕಟ್ಟಿದ ಪದ ಗೆದ್ದ ಉದಾಹರಣೆಯೂ ಇದೆ. 2002ರ ಮಾರೋವಿಂಡ್‌ನಲ್ಲಿ ಆಡುವವನು ಹಡಗಿನಿಂದ ಇಳಿದ ಪರಕೀಯ. ಬೂದು ಮೈಬಣ್ಣದ ಊರಿನವರು ಅವನನ್ನು ‘ನ್ವಾ’ ಅನ್ನುತ್ತಾರೆ. ಹೊರಗಿನವನು, ಗುಲಾಮ ಅನ್ನುವ ತಾತ್ಸಾರ. ಸದ್ದಿನ ನಿಯಮ ನೋಡಿದರೆ ‘ವ’ ಇರುವ ಈ ಪದ ಮೆತ್ತಗಿರಬೇಕು. ಹಾಗಿಲ್ಲ, ಚುಚ್ಚುತ್ತದೆ. ಮೊದಲ ಸಲ ಕೇಳಿದಾಗ ಏನೂ ಅನ್ನಿಸುವುದಿಲ್ಲ. ಹತ್ತು ಗಂಟೆ ಆಡಿ, ಹತ್ತಾರು ಬಾಗಿಲಲ್ಲಿ ಅದೇ ಪದ ಕೇಳಿದ ಮೇಲೆ ಕೋಪ ಬರುತ್ತದೆ. ಆ ಪದಕ್ಕೆ ಇಲ್ಲದ ಹಿಂದಿನ ಬದುಕನ್ನು ಆಟವೇ ಕೂತು ಕಟ್ಟಿಕೊಟ್ಟಿತು. ಅದಕ್ಕೆ ತಾಳ್ಮೆ ಬೇಕು, ದೊಡ್ಡ ಆಟವೂ ಬೇಕು. ಮೂರು ನಿಮಿಷದಲ್ಲಿ ಮುಗಿಯುವ ಆರ್ಕೇಡ್ ಆಟಕ್ಕೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

1998ರ ಸ್ಟಾರ್‌ಸೀಜ್ ಟ್ರೈಬ್ಸ್ ಇನ್ನೊಂದು ದಾರಿ ಹಿಡಿಯಿತು. ಆನ್‌ಲೈನ್ ಆಟ. ಕೀ ಒತ್ತಿದರೆ ನಿಮ್ಮ ಸೈನಿಕ ‘ಶಾಜ್‌ಬಾಟ್!’ ಅನ್ನುತ್ತಾನೆ. ಪದ 1970ರ ದಶಕದ ಒಂದು ಟಿವಿ ಹಾಸ್ಯ ಧಾರಾವಾಹಿಯದು. ಗುರಿ ತಪ್ಪಿದಾಗ, ಬಂಡೆಗೆ ಡಿಕ್ಕಿ ಹೊಡೆದಾಗ ಜನ ಅದನ್ನೇ ಒತ್ತುತ್ತಿದ್ದರು. ಸಿಟ್ಟು ಬಂದ ಕೈಗೆ ಒಂದು ಗುಂಡಿ ಕೊಟ್ಟ ಹಾಗೆ. ಕ್ಯೂ*ಬರ್ಟ್‌ಗೆ ಇದು ಹತ್ತಿರದ ನೆಂಟ. ಇಲ್ಲಿ ಯಾವಾಗ ಬೈಯಬೇಕು ಅನ್ನುವ ತೀರ್ಮಾನ ಆಡುವವನದು, ಅಲ್ಲಿ ಆಟದ್ದು.

ಅದೇ ಬೈಗುಳ ತಲೆಬರಹ ಏರಿದಾಗ

ಈಗ ಸೋಲಿನ ಕಥೆ. ಆಟ ಮುಗಿಯುತ್ತಾ ಬಂದರೂ ಹೆಸರು ಇರಲಿಲ್ಲ. ಒಳಗೊಳಗೆ ಸುಮ್ನೆ ‘ಕ್ಯೂಬ್ಸ್’ ಅನ್ನುತ್ತಿದ್ದರು. ಗೊಣ್ಣೆ ಸಿಂಬಳವನ್ನು ಯಾರೂ ಒಪ್ಪಲಿಲ್ಲ. ಮಾರ್ಕೆಟಿಂಗ್ ಮುಖ್ಯಸ್ಥ ಹೋವಿ ರೂಬಿನ್‌ಗೆ ಮಾತ್ರ ಗುಳ್ಳೆ ತಲೆಗೆ ಹತ್ತಿತ್ತು. ಆಟದ ಹೆಸರೇ @!#?@! ಇರಲಿ ಅಂತ ಹಟ ಹಿಡಿದರು. ಇದನ್ನು ಓದುವುದು ಹೇಗೆ ಅಂತ ತಂಡದವರು ತಕರಾರು ತೆಗೆದರೂ, ಆ ಹೆಸರನ್ನೇ ಹಣೆ ಮೇಲೆ ಬರೆದ ಕೆಲವು ಪರೀಕ್ಷಾ ಯಂತ್ರಗಳು ತಯಾರಾದವು.

ಅದೇ ಆರು ಚಿಹ್ನೆ. ಗುಳ್ಳೆಯೊಳಗೆ ಎಲ್ಲರೂ ಓದಿಕೊಳ್ಳುತ್ತಾರೆ, ಹಣೆ ಮೇಲೆ ಯಾರೂ ಓದಲಾರರು. ಗುಳ್ಳೆ ಬರುವ ಹೊತ್ತಿಗೆ ಆಡುವವನ ಬಾಯಲ್ಲಿ ಒಂದು ಮಾತು ಆಗಲೇ ತಯಾರಿರುತ್ತದೆ. ಯಂತ್ರದ ಮುಂದೆ ಸುಮ್ನೆ ಹಾದುಹೋಗುವವನ ಬಾಯಲ್ಲಿ ಏನಿರುತ್ತದೆ? ಅವನಿನ್ನೂ ಸತ್ತೇ ಇಲ್ಲ! ‘ನಿನ್ನೆ ಒಂದು ಆಟ ಆಡಿದೆ, ಅದರ ಹೆಸರು...’ ಅಂತ ಗೆಳೆಯನಿಗೆ ಹೇಳಲೂ ಬಾರದ ಹೆಸರು ಅದು.

ಕೊನೆಗೆ ಒಂದು ಸಭೆಯಲ್ಲಿ ‘ಹ್ಯೂಬರ್ಟ್’ ಅನ್ನುವ ಸಲಹೆ ಬಂತು. ಅದಕ್ಕೆ ಕ್ಯೂಬ್ ಬೆರೆಸಿ ಕ್ಯೂ-ಬರ್ಟ್ ಮಾಡಿದರು. ಆಮೇಲೆ ನಡುವಿನ ಅಡ್ಡಗೆರೆ ನಕ್ಷತ್ರವಾಯಿತು. ಆ ನಕ್ಷತ್ರ ಬೈಗುಳದಿಂದ ಉದುರಿದ ಚೂರು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಎಣಿಸಿ ನೋಡಿ, ಆ ಆರು ಚಿಹ್ನೆಗಳಲ್ಲಿ ನಕ್ಷತ್ರ ಇಲ್ಲವೇ ಇಲ್ಲ. ಡೇವಿಸ್‌ಗೆ ಆಮೇಲೆ ನಕ್ಷತ್ರದ ಬಗ್ಗೆ ಬೇಜಾರಾಯಿತು. ಅದರಿಂದಾಗಿ ಹೆಸರು ಪದಬಂಧಕ್ಕೂ ಸೇರಲಿಲ್ಲ, ಸರ್ಚ್ ಎಂಜಿನ್‌ಗೂ ಸರಿಯಾಗಿ ಸಿಗುವುದಿಲ್ಲ ಅನ್ನುವುದು ಅವರ ಗೊಣಗಾಟ. ಯಂತ್ರಗಳೇನೋ ಸುಮಾರು 25,000 ಮಾರಾಟವಾದವು.

2012ರಲ್ಲಿ ರೆಕ್-ಇಟ್ ರಾಲ್ಫ್ ಅನಿಮೇಷನ್ ಸಿನಿಮಾದಲ್ಲಿ ಕ್ಯೂ*ಬರ್ಟ್ ಮತ್ತೆ ಬಂದ. ಆಟ ನಿಂತುಹೋಗಿ ಮನೆ ಕಳೆದುಕೊಂಡು ಬೀದಿಗೆ ಬಿದ್ದ ಪಾತ್ರವಾಗಿ. ತಲೆ ಮೇಲೆ ಅದೇ ಗುಳ್ಳೆ, ಅದೇ ಥರದ ಚಿಹ್ನೆಗಳು. ಆದರೆ ಅಲ್ಲಿ ಅದು ಅವನ ಭಾಷೆ. ಅದಕ್ಕೊಂದು ಹೆಸರೂ ಇದೆ, ಇನ್ನೊಂದು ಪಾತ್ರ ಅದನ್ನು ಕಲಿತು ಅರ್ಥ ಮಾಡಿಕೊಂಡು ಉತ್ತರವನ್ನೂ ಕೊಡುತ್ತದೆ. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ಆಟ ಹಾಕಿದೆ. ಎರಡನೇ ಸುತ್ತಿನಲ್ಲೇ ಹಾವಿಗೆ ಸಿಕ್ಕಿದೆ. ಗುಳ್ಳೆ ಎದ್ದಿತು. ಅವನು ಏನೋ ಅಂದ, ನಾನೂ ಅಂದೆ.